ತೆಜುಕಾ ಒಸಾಮು ಅವರ ಮಾಂಗಾ ಇಂಗ್ಲಿಷಿನಲ್ಲಿ: ಎಲ್ಲಿಂದ ಶುರು ಮಾಡಲಿ?

ಹೊಸಪುಟ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 2023ರಲ್ಲಿ ಬಂದ 'ಪ್ಲೂಟೊ' ಆನಿಮೆ (ಜಪಾನಿ ಕಾರ್ಟೂನ್ ಸರಣಿ) ನೋಡಿದೆ. ಅದರ ಗುಂಗು ಬಿಡಲಿಲ್ಲ. ಉರಸಾವಾ ನಾವೊಕಿ ಅವರ ಮಾಂಗಾದ (ಜಪಾನಿ ಕಾಮಿಕ್ಸ್) ಎಂಟೂ ಸಂಪುಟ ಇಂಗ್ಲಿಷಿನಲ್ಲಿ ಓದಿ ಮುಗಿಸಿದೆ. ಅದಕ್ಕೆ ಮೂಲ ತೆಜುಕಾ ಒಸಾಮು ಅವರ 'ಆಸ್ಟ್ರೋ ಬಾಯ್'ನ ಒಂದು ಕಥೆ ಅಂತ ಆಮೇಲೆ ಗೊತ್ತಾಯಿತು. ಸರಿ, ಮೂಲವನ್ನೇ ಓದೋಣ ಅಂತ ಹುಡುಕಲು ಕೂತೆ. ಅಲ್ಲಿಂದ ತಲೆ ಕೆಟ್ಟಿದೆ.

ಒಂದೊಂದು ಪುಸ್ತಕ ಒಂದೊಂದು ಪ್ರಕಾಶಕರದ್ದು. 'ಅಡಾಲ್ಫ್' ಅಂತ ಒಂದಿದೆ, 'ಮೆಸೇಜ್ ಟು ಅಡಾಲ್ಫ್' ಅಂತ ಇನ್ನೊಂದಿದೆ. ಎರಡೂ ಒಂದೇನಾ? ಕೆಲವನ್ನು ಎಡದಿಂದ ಬಲಕ್ಕೆ ಓದಬೇಕು, ಕೆಲವನ್ನು ಬಲದಿಂದ ಎಡಕ್ಕೆ. ಒಂದು ಕಡೆ ಗುಂಡು ಕಣ್ಣಿನ ಪುಟ್ಟ ರೋಬೋ, ಇನ್ನೊಂದು ಕಡೆ ವಿಷಾನಿಲ, ಕೊಲೆ. ಇವೆಲ್ಲ ಒಬ್ಬರೇ ಬರೆದದ್ದಾ?

ಜಪಾನಿ ಭಾಷೆ ನನಗೆ ಬರಲ್ಲ. ಇಂಗ್ಲಿಷಿನಲ್ಲಿ ಇರುವುದನ್ನೇ ಓದಬೇಕು. ಎಲ್ಲಿಂದ ಶುರು ಮಾಡಲಿ, ಯಾವ ಕ್ರಮದಲ್ಲಿ ಓದಲಿ, ಗೊತ್ತಿದ್ದವರು ದಯವಿಟ್ಟು ಹೇಳಿ.

ಅಚ್ಚುಮೊಳೆ

ಪುಸ್ತಕದ ಪುಟ ಕಟ್ಟುವುದೇ ನನ್ನ ಕೆಲಸ. ಅದಕ್ಕೇ ಯಾವ ಕಾಮಿಕ್ಸ್ ಕೈಗೆ ಬಂದರೂ ಮೊದಲು ಕಣ್ಣು ಹೋಗುವುದು ಮಾತಿನ ಗುಳ್ಳೆಗಳ ಕಡೆಗೆ, ಆಮೇಲೆ ಚಿತ್ರದ ಕಡೆಗೆ. ತೆಜುಕಾ ಅವರನ್ನು ನಾನೂ ಇಂಗ್ಲಿಷಿನಲ್ಲೇ ಓದಿದವಳು. ನಿಮ್ಮ ಪ್ರಶ್ನೆ ನೋಡಿ ಸುಮ್ನೆ ಇರಲು ಆಗಲಿಲ್ಲ. ಉತ್ತರ ಸ್ವಲ್ಪ ಉದ್ದ ಆಗುತ್ತೆ.

ಹೌದು, ಇವೆಲ್ಲ ಒಬ್ಬರೇ ಬರೆದದ್ದು. ಅದನ್ನು ನಂಬಲು ಕಷ್ಟವಾಗುವಂತೆ ಮಾಡಿರುವುದೇ ಇಂಗ್ಲಿಷ್ ಅನುವಾದಗಳು ಬಂದ ರೀತಿ. ತೆಜುಕಾ ಹುಟ್ಟಿದ್ದು 1928ರಲ್ಲಿ, ತೀರಿಕೊಂಡದ್ದು 1989ರ ಫೆಬ್ರುವರಿಯಲ್ಲಿ. ನಲವತ್ತಕ್ಕೂ ಹೆಚ್ಚು ವರ್ಷ ಕೈ ನಿಲ್ಲಿಸದೆ ಬರೆದರು. ಸುಮಾರು 700 ಕೃತಿ, ಒಂದೂವರೆ ಲಕ್ಷ ಪುಟ ಅನ್ನುತ್ತಾರೆ. ಜಪಾನಿನಲ್ಲಿ ಕೊದಾನ್ಶಾ ತಂದ ಸಮಗ್ರ ಕೃತಿಗಳೇ 400 ಸಂಪುಟ. ಇಂಗ್ಲಿಷಿಗೆ ಬಂದಿರುವುದು ಅದರಲ್ಲಿ ಒಂದು ಪಾಲು ಮಾತ್ರ. ಅದೂ ಬೇರೆ ಬೇರೆ ಪ್ರಕಾಶಕರ ಕೈಯಲ್ಲಿ, ಬೇರೆ ಬೇರೆ ಕಾಲದಲ್ಲಿ, ಹಿಂದುಮುಂದಾಗಿ.

ಹೇಗೆ ಅಂತ ನೋಡಿ. 1995-96ರಲ್ಲಿ 'ಅಡಾಲ್ಫ್' ಐದು ಸಂಪುಟಗಳಲ್ಲಿ ಬಂತು. ಅದು ತೆಜುಕಾ ತಮ್ಮ ಐವತ್ತರ ವಯಸ್ಸು ದಾಟಿದ ಮೇಲೆ, 1983ರಿಂದ 85ರವರೆಗೆ ಬರೆದದ್ದು. ಅವರಿಗೆ ಹೆಸರು ತಂದ 'ಆಸ್ಟ್ರೋ ಬಾಯ್' ಶುರುವಾದದ್ದು 1952ರಲ್ಲಿ. ಅದು ಪೂರ್ತಿಯಾಗಿ ಇಂಗ್ಲಿಷಿಗೆ ಬಂದದ್ದು 2002ರಿಂದ, ಡಾರ್ಕ್ ಹಾರ್ಸ್ ಪ್ರಕಾಶನದ ಮೂಲಕ, 23 ಸಣ್ಣ ಸಂಪುಟಗಳಲ್ಲಿ. 2003ರಿಂದ ವರ್ಟಿಕಲ್ ಅವರು 'ಬುದ್ಧ' ತಂದರು. ಆಮೇಲೆ ಅದೇ ವರ್ಟಿಕಲ್ 2006ರಿಂದ 'ಓಡ್ ಟು ಕಿರಿಹಿತೊ', 'ಎಂ ಡಬ್ಲ್ಯೂ', 'ಅಪೊಲೋಸ್ ಸಾಂಗ್', 'ಆಯಾಕೊ' ಹೀಗೆ ದೊಡ್ಡವರಿಗಾಗಿ ಬರೆದ ದಪ್ಪ ದಪ್ಪ ಪುಸ್ತಕಗಳನ್ನು ತಂದರು. ಇವೆಲ್ಲ 1970ರ ದಶಕದವು. ಆಗ ಜಪಾನಿನಲ್ಲಿ ಗೆಕಿಗಾ ಅನ್ನುವ ಒರಟು, ವಾಸ್ತವದ ಕಥೆಗಳು ಮೇಲೆ ಬಂದಿದ್ದವು. ತೆಜುಕಾ ಹಳಬರಾದರು ಅನ್ನುವ ಮಾತು ಕೇಳಿಬರುತ್ತಿತ್ತು. 1973ರಲ್ಲಿ ಅವರ ಆನಿಮೆ ಸ್ಟುಡಿಯೋ ಮುಶಿ ಪ್ರೊಡಕ್ಷನ್ ದಿವಾಳಿ ಎದ್ದಿತು. ಆ ವರ್ಷಗಳ ಕತ್ತಲೆ ಆ ಪುಸ್ತಕಗಳ ಪ್ರತಿ ಪುಟದಲ್ಲೂ ಇದೆ.

ಹೀಗಾಗಿ 2006ರ ನಂತರ ಓದಲು ಶುರು ಮಾಡಿದ ಇಂಗ್ಲಿಷ್ ಓದುಗರಲ್ಲಿ ತುಂಬಾ ಜನ ತೆಜುಕಾ ಅಂದರೆ ಕ್ರೌರ್ಯ, ರೋಗ, ಅಧಿಕಾರದ ಕಥೆಗಾರ ಅಂದುಕೊಂಡರು. ಟಿವಿಯಲ್ಲಿ ಆಸ್ಟ್ರೋ ಬಾಯ್ ನೋಡಿದವರು ಮಕ್ಕಳ ಕಥೆಗಾರ ಅಂದುಕೊಂಡರು. ಇಬ್ಬರಿಗೂ ಅರ್ಧವೇ ಸಿಕ್ಕಿತು. ಅದಕ್ಕೇ ನಾನು ಹೇಳುವುದು, ಇಂಗ್ಲಿಷಿನಲ್ಲಿ ಪ್ರಕಟವಾದ ಕ್ರಮವನ್ನು ಮರೆತುಬಿಡಿ. ಯಾವ ಪುಸ್ತಕ ತೆಗೆದುಕೊಂಡರೂ ಜಪಾನಿನಲ್ಲಿ ಅದು ಬಂದ ವರ್ಷ ಯಾವುದು ಅಂತ ಮೊದಲು ನೋಡಿ. ಮಕ್ಕಳದ್ದೊಂದು ದೊಡ್ಡವರದ್ದೊಂದು ಬೆರೆಸಿ ಓದಿ. ಆಗ ಎರಡರಲ್ಲೂ ಅದೇ ಮನುಷ್ಯ ಕಾಣುತ್ತಾರೆ.

ನಿಮಗೆ ನನ್ನ ಸಲಹೆ ಇದು. 'ಆಸ್ಟ್ರೋ ಬಾಯ್' ಮೂರನೇ ಸಂಪುಟ ಕೈಯಲ್ಲಿದ್ದರೆ ಅದನ್ನೇ ಮೊದಲು ಓದಿ. ಪ್ಲೂಟೊ ಕಥೆ ಇರುವುದು ಅದರಲ್ಲೇ. ಜಗತ್ತಿನ ಅತಿ ಬಲಶಾಲಿ ರೋಬೋ ಯಾವುದು ಅನ್ನುವ ಆ ಕಥೆಯನ್ನು 1964-65ರಲ್ಲಿ ಹುಡುಗರ ಪತ್ರಿಕೆಗೆ ಬರೆದದ್ದು. ಉರಸಾವಾ ಓದಿ ಬಂದವರಿಗೆ ಇದು ಬಹಳ ಚುಟುಕು ಅನಿಸುತ್ತೆ. ಅಲ್ಲಿ ಒಂದಿಡೀ ಅಧ್ಯಾಯ ಹಿಡಿದ ಸಾವು ಇಲ್ಲಿ ಕೆಲವೇ ಪುಟ. ಆದರೆ ಅಟಾಮ್‌ನ (ಆಸ್ಟ್ರೋ ಬಾಯ್‌ನ ಜಪಾನಿ ಹೆಸರು ಇದು) ತಂಗಿ ಊರಾನ್ ಪ್ಲೂಟೊ ಎದುರು ನಿಲ್ಲುವ ಪುಟಗಳನ್ನು ನಿಧಾನವಾಗಿ ನೋಡಿ. ಗೆಲ್ಲಲೆಂದೇ ಕಟ್ಟಿದ ಯಂತ್ರಕ್ಕೆ ಹೊಡೆದಾಟ ಯಾಕೆ ಅನ್ನುವ ಅನುಮಾನ ಹುಟ್ಟುವುದು ಅಲ್ಲಿ. ಉರಸಾವಾ ಎಂಟು ಸಂಪುಟ ಬೆಳೆಸಿದ್ದು ಆ ಅನುಮಾನವನ್ನೇ.

ಒಂದನೇ ಸಂಪುಟದ ಬಗ್ಗೆ ಒಂದು ಎಚ್ಚರಿಕೆ. ಅಟಾಮ್ ಹುಟ್ಟಿದ ಕಥೆ ಅದರಲ್ಲಿ ಮೊದಲಿಗೇ ಇದೆ. ಆದರೆ ಅದನ್ನು ಬರೆದದ್ದು 1975ರಲ್ಲಿ. ಪಕ್ಕದ ಕಥೆಗಳು 60ರ ದಶಕದವು. ಗೆರೆ ದಿಢೀರಂತ ಬದಲಾದಂತೆ ಕಂಡರೆ ಕಾರಣ ಅದೇ. ಕೆಲವು ಕಥೆಗಳ ಮುಂದೆ ಬೆರೆಟ್ ಟೋಪಿ ಹಾಕಿಕೊಂಡು, ಕನ್ನಡಕ ಏರಿಸಿಕೊಂಡು ತೆಜುಕಾ ಅವರೇ ಬಂದು ಓದುಗರ ಜೊತೆ ಮಾತಾಡುತ್ತಾರೆ. ಆ ಪುಟಗಳನ್ನು ಹಾರಿಸಬೇಡಿ. ಒಬ್ಬ ಕಲಾವಿದ ತನ್ನ ಹಳೇ ಕೆಲಸವನ್ನು ಹೇಗೆ ನೋಡುತ್ತಾನೆ ಅನ್ನುವುದು ಅಲ್ಲಿದೆ.

ಆಮೇಲೆ ನೇರವಾಗಿ 'ಫೀನಿಕ್ಸ್'ಗೆ ಹೋಗಿ. ನಾನು ಯಾರಿಗೆ ಏನು ಹೇಳಿದರೂ ಕೊನೆಗೆ ಬಂದು ನಿಲ್ಲುವುದು ಇಲ್ಲೇ. ತೆಜುಕಾ ಇದನ್ನು ತಮ್ಮ ಬದುಕಿನ ಕೆಲಸ ಅಂದರು. 1954ರಲ್ಲಿ ಒಂದು ಸಲ ಶುರು ಮಾಡಿ ಬಿಟ್ಟರು. 1967ರಲ್ಲಿ ತಾವೇ ನಡೆಸುತ್ತಿದ್ದ 'ಕಾಮ್' ಪತ್ರಿಕೆಯಲ್ಲಿ ಮತ್ತೆ ಮೊದಲಿಂದ ಶುರು ಮಾಡಿದರು. 1988ರವರೆಗೂ ಬರೆದರು, ಮುಗಿಸಲು ಆಗಲಿಲ್ಲ. ಮೊದಲ ಕಥೆ ಪ್ರಾಚೀನ ಜಪಾನಿನದು, ರಾಣಿ ಹಿಮಿಕೊ ಕಾಲದ್ದು. ಎರಡನೆಯದು 3404ನೇ ಇಸವಿಯದು, ಅಂದರೆ ಮನುಷ್ಯಕುಲದ ಕೊನೆ. ಮೂರನೆಯದು ಮತ್ತೆ ಹಿಂದಕ್ಕೆ, ನಾಲ್ಕನೆಯದು ಮತ್ತೆ ಮುಂದಕ್ಕೆ. ಒಮ್ಮೆ ಹಿಂದೆ ಒಮ್ಮೆ ಮುಂದೆ ಹೋಗುತ್ತಾ ನಮ್ಮ ಕಾಲಕ್ಕೆ ಹತ್ತಿರ ಬರುವುದು ಅವರ ಯೋಜನೆಯಾಗಿತ್ತು. ಎಲ್ಲದರಲ್ಲೂ ಇರುವುದು ಒಂದು ಹಕ್ಕಿ. ಅದರ ರಕ್ತ ಕುಡಿದರೆ ಸಾವಿಲ್ಲ. ಅದಕ್ಕಾಗಿ ಜನ ಏನೇನು ಮಾಡುತ್ತಾರೆ ಅನ್ನುವುದೇ ಕಥೆ.

ಎರಡನೇ ಸಂಪುಟದಲ್ಲಿ ಮಸಾತೊ ಅನ್ನುವ ಯುವಕನಿಗೆ ಸಾವಿಲ್ಲದ ಬದುಕು ಸಿಗುತ್ತೆ. ಕಂಪ್ಯೂಟರುಗಳು ಹಟಕ್ಕೆ ಬಿದ್ದು ಅಣುಯುದ್ಧದಲ್ಲಿ ಭೂಮಿ ಸುಟ್ಟುಹೋಗಿರುತ್ತೆ. ಉಳಿದವನು ಅವನೊಬ್ಬನೇ. ಮತ್ತೆ ಜೀವ ಹುಟ್ಟಲಿ ಅಂತ ಕಾಯುತ್ತಾನೆ. ಸಾವಿರ ವರ್ಷವಲ್ಲ, ಕೋಟಿ ಕೋಟಿ ವರ್ಷ. ಕೊನೆಗೆ ಜೀವ ಬರುತ್ತೆ, ಬೆಳೆಯುತ್ತೆ, ಬುದ್ಧಿ ಬಂದು ನಾಗರಿಕತೆ ಕಟ್ಟುವವು ಗೊಂಡೆಹುಳುಗಳು, ಅಂದರೆ ಚಿಪ್ಪಿಲ್ಲದ ಬಸವನಹುಳುಗಳು! ಅವೂ ಜಗಳಾಡಿ ಅಳಿಯುತ್ತವೆ. ಮಕ್ಕಳ ಕಾಮಿಕ್ಸ್‌ನ ಅದೇ ಗುಂಡು ಗೆರೆಯಲ್ಲಿ ಇದನ್ನು ಬರೆದಿದ್ದಾರೆ. ನಾನು ಅಳುವುದು ಕಮ್ಮಿ, ಅಲ್ಲಿ ಅತ್ತಿದ್ದೆ.

ಇದರ ಅನುವಾದಕ್ಕೂ ಒಂದು ಕಥೆ ಇದೆ. ಫ್ರೆಡರಿಕ್ ಷೋಟ್ ಮತ್ತು ಜೇರೆಡ್ ಕುಕ್ 1970ರ ದಶಕದ ಕೊನೆಯಲ್ಲೇ ಮೊದಲ ಐದು ಸಂಪುಟಗಳನ್ನು ಇಂಗ್ಲಿಷಿಗೆ ತಂದಿದ್ದರು. ಆಗ ಅಮೆರಿಕದಲ್ಲಿ ಮಾಂಗಾ ಅಂದರೆ ಏನು ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಹಸ್ತಪ್ರತಿ ಎರಡು ದಶಕಕ್ಕೂ ಹೆಚ್ಚು ಕಾಲ ಹಾಗೇ ಉಳಿಯಿತು. ಷೋಟ್ ಅವರು 1983ರಲ್ಲಿ ಮಾಂಗಾ ಬಗ್ಗೆ ಬರೆದ ಪುಸ್ತಕದಲ್ಲಿ ಕೆಲವು ಪುಟ ಮಾತ್ರ ಬೆಳಕು ಕಂಡವು. ಅದಕ್ಕೆ ಮುನ್ನುಡಿ ಬರೆದದ್ದು ತೆಜುಕಾ ಅವರೇ. ಪುಸ್ತಕಗಳಾಗಿ ಬಂದದ್ದು 2002ರಿಂದ, ವಿಜ್ ಪ್ರಕಾಶನದ ಮೂಲಕ, 2008ರ ಹೊತ್ತಿಗೆ ಒಟ್ಟು 12 ಸಂಪುಟ. ಮೊದಲನೆಯದು ಬರುವಷ್ಟರಲ್ಲೇ ತೆಜುಕಾ ತೀರಿಕೊಂಡು ಹದಿಮೂರು ವರ್ಷ ಆಗಿತ್ತು. ತಮ್ಮ ಜೀವಮಾನದ ಕೆಲಸ ಇಂಗ್ಲಿಷಿನಲ್ಲಿ ಅಚ್ಚಾದದ್ದನ್ನು ಅವರು ನೋಡಲೇ ಇಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಬೇಜಾರಾಗುತ್ತೆ.

ಈಗ ಪುಟ ಓದುವ ದಿಕ್ಕಿನ ವಿಷಯ. ಇದು ನನ್ನ ಕಸುಬಿಗೆ ಸೇರಿದ್ದು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜಪಾನಿ ಪುಸ್ತಕವನ್ನು ಬಲದಿಂದ ಎಡಕ್ಕೆ ಓದುತ್ತಾರೆ. ಹಿಂದೆ ಅಮೆರಿಕದ ಪ್ರಕಾಶಕರು ಓದುಗರಿಗೆ ಸುಲಭವಾಗಲಿ ಅಂತ ಇಡೀ ಪುಟವನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಅಚ್ಚು ಹಾಕುತ್ತಿದ್ದರು. 'ಆಸ್ಟ್ರೋ ಬಾಯ್', 'ಫೀನಿಕ್ಸ್', 'ಬುದ್ಧ', 'ಕಿರಿಹಿತೊ' ಇವೆಲ್ಲ ಹಾಗೆ ತಿರುಗಿಸಿದವು. 'ದೊರೊರೊ' ಮತ್ತು ವರ್ಟಿಕಲ್ ತಂದ 'ಬ್ಲ್ಯಾಕ್ ಜ್ಯಾಕ್' ಮೂಲದಂತೆಯೇ ಇವೆ.

ತಿರುಗಿಸಿದರೆ ಏನು ಮಹಾ ಅನಿಸಬಹುದು. ಕಿಮೊನೊ ನೋಡಿ. ಜಪಾನಿನಲ್ಲಿ ಬದುಕಿರುವವರು ಎಡ ಸೆರಗನ್ನು ಬಲದ ಮೇಲೆ ಬರುವಂತೆ ಉಡುತ್ತಾರೆ. ಬಲ ಸೆರಗು ಮೇಲೆ ಬರುವುದು ಹೆಣಕ್ಕೆ ಉಡಿಸುವಾಗ ಮಾತ್ರ. ಪುಟ ತಿರುಗಿಸಿದ ಕೂಡಲೇ ನಡೆದಾಡುವ, ನಗುವ, ಊಟ ಮಾಡುವ ಎಲ್ಲರೂ ಹೆಣದ ಉಡುಗೆಯಲ್ಲಿ ಕಾಣುತ್ತಾರೆ. ಎಡ ಸೊಂಟದ ಕತ್ತಿ ಬಲಕ್ಕೆ ಹೋಗುತ್ತೆ. 'ಫೀನಿಕ್ಸ್'ನ ನಾಲ್ಕನೇ ಸಂಪುಟ 'ಕರ್ಮ'ದಲ್ಲಿ ಗಾಓ ಅನ್ನುವವನು ಹುಟ್ಟಿದ ದಿನವೇ ಒಂದು ಕೈ, ಒಂದು ಕಣ್ಣು ಕಳೆದುಕೊಂಡವನು. ಅವನು ಅಕಾನೆಮಾರು ಅನ್ನುವ ಶಿಲ್ಪಿಯ ಕೆಲಸ ಮಾಡುವ ಕೈಯನ್ನೇ ಗಾಯ ಮಾಡುತ್ತಾನೆ. ಯಾವ ಕೈ ಅನ್ನುವುದೇ ಕಥೆ ಅಲ್ವಾ? ಚಿತ್ರದಲ್ಲಿ ಅದು ಅದಲುಬದಲು. ಇನ್ನು ಮಾತಿನ ಗುಳ್ಳೆ. ಜಪಾನಿ ಬರಹ ಮೇಲಿನಿಂದ ಕೆಳಕ್ಕೆ ಇಳಿಯುತ್ತೆ, ಹಾಗಾಗಿ ಗುಳ್ಳೆ ಎತ್ತರ ಜಾಸ್ತಿ, ಅಗಲ ಕಮ್ಮಿ. ಅದರೊಳಗೆ ಅಡ್ಡಸಾಲಿನ ಇಂಗ್ಲಿಷ್ ತುರುಕಬೇಕು. ಒಂದು ಸಾಲಿಗೆ ಎರಡೇ ಪದ, ಉದ್ದ ಪದವಾದರೆ ಮುರಿಯಲೇಬೇಕು. ಇಷ್ಟೆಲ್ಲ ಇಕ್ಕಟ್ಟಿನಲ್ಲೂ ಷೋಟ್ ಅವರ ಮಾತುಗಳು ಬಾಯಲ್ಲಿ ಆಡುವ ಮಾತಿನಂತೆ ಓದಿಸಿಕೊಂಡು ಹೋಗುತ್ತವೆ. ಅದು ಸಣ್ಣ ಕೆಲಸ ಅಲ್ಲ.

ತಿರುಗಿಸಿದ್ದು ಅಂತ ಬಿಡಬೇಡಿ, ಓದಿ. ತಿರುಗಿಸಿದ 'ಫೀನಿಕ್ಸ್' ಕೂಡ 'ಫೀನಿಕ್ಸ್' ತಾನೆ.

'ಅಡಾಲ್ಫ್' ಮತ್ತು 'ಮೆಸೇಜ್ ಟು ಅಡಾಲ್ಫ್' ಒಂದೇ ಕೃತಿ. ಮೊದಲನೆಯದು ಯೂಜಿ ಓನಿಕಿ ಅನುವಾದ, ಐದು ಸಂಪುಟ. ಎರಡನೆಯದು 2012ರಲ್ಲಿ ವರ್ಟಿಕಲ್ ತಂದದ್ದು, ಕುಮಾರ್ ಶಿವಸುಬ್ರಮಣ್ಯನ್ ಅನುವಾದ, ಎರಡು ದಪ್ಪ ಸಂಪುಟ. ಯಾವುದು ಸಿಕ್ಕಿದರೂ ಓದಿ, ಎರಡನ್ನೂ ಕೊಳ್ಳಬೇಡಿ. 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಹೋದ ಜಪಾನಿ ವರದಿಗಾರ, ಕೋಬೆ ನಗರದಲ್ಲಿ ಜೊತೆಯಾಗಿ ಬೆಳೆದ ಇಬ್ಬರು ಅಡಾಲ್ಫ್ ಹೆಸರಿನ ಹುಡುಗರು, ಒಬ್ಬ ಯೆಹೂದಿ, ಇನ್ನೊಬ್ಬನ ತಂದೆ ಜರ್ಮನ್, ತಾಯಿ ಜಪಾನಿ. ಮೂರನೇ ಅಡಾಲ್ಫ್ ಯಾರು ಅಂತ ಹೇಳಬೇಕಿಲ್ಲ. 'ಫೀನಿಕ್ಸ್' ನಾಲ್ಕು ಸಂಪುಟ ಆದ ಮೇಲೆ ಇದನ್ನು ಹಿಡಿಯಿರಿ.

ಎರಡನೇಪಾಳಿ

ಅಚ್ಚುಮೊಳೆ ಅಕ್ಕ ಎಲ್ಲ ಹೇಳಿದ್ದಾರೆ, 'ಬ್ಲ್ಯಾಕ್ ಜ್ಯಾಕ್' ಬಗ್ಗೆ ಮಾತ್ರ ಒಂದು ಸಾಲಲ್ಲಿ ಮುಗಿಸಿಬಿಟ್ಟರು. ನಾನು ನರ್ಸಿಂಗ್ ಕೆಲಸದವನು. ರಾತ್ರಿ ಪಾಳಿ ಮುಗಿಸಿ ಬಂದರೆ ದಪ್ಪ ಪುಸ್ತಕ ಓದುವ ತಾಳ್ಮೆ ಇರಲ್ಲ. ನನ್ನಂಥವರಿಗೆ ಇದೇ ಸರಿ. ಒಂದೊಂದು ಕಥೆ ಇಪ್ಪತ್ತು ಪುಟದ ಆಸುಪಾಸು, ಒಂದಕ್ಕೊಂದು ಅಂಟಿಕೊಂಡಿಲ್ಲ. ಎಲ್ಲಿ ಬೇಕಾದರೂ ಶುರು ಮಾಡಬಹುದು.

ಲೈಸೆನ್ಸ್ ಇಲ್ಲದ ಶಸ್ತ್ರಚಿಕಿತ್ಸಕ, ಕೋಟಿಗಟ್ಟಲೆ ಯೆನ್ ಕೇಳುತ್ತಾನೆ, ಕೆಲವರಿಗೆ ಬಿಡಿಗಾಸು ತೆಗೆದುಕೊಳ್ಳದೆ ಮಾಡಿಕೊಡುತ್ತಾನೆ. ತೆಜುಕಾ ಒಸಾಕಾದಲ್ಲಿ ಮೆಡಿಕಲ್ ಓದಿದವರು, 1961ರಲ್ಲಿ ನಾರಾ ಮೆಡಿಕಲ್ ಯೂನಿವರ್ಸಿಟಿಯಿಂದ ಡಾಕ್ಟರೇಟ್ ಪಡೆದವರು. ಅದು ಚಿತ್ರದಲ್ಲಿ ಗೊತ್ತಾಗುತ್ತೆ. ಹೊಟ್ಟೆ ತೆರೆದ ಚೌಕಟ್ಟು ಬಂದರೆ ಆ ಗುಂಡು ಗುಂಡು ಗೆರೆ ಥಟ್ಟನೆ ಮಾಯ. ಅಂಗಾಂಗ ಇರಬೇಕಾದ ಜಾಗದಲ್ಲೇ ಇರುತ್ತೆ. ಕಥೆಯಲ್ಲಿ ನಡೆಯುವ ಚಿಕಿತ್ಸೆಗಳು ಮಾತ್ರ ಎಷ್ಟೋ ಸಲ ಅಸಾಧ್ಯದವು, ಅದನ್ನು ತೆಜುಕಾ ಮುಚ್ಚಿಡುವುದೂ ಇಲ್ಲ.

ಒಂದನೇ ಸಂಪುಟ ಬಿಡಬೇಡಿ, ಪಿನೊಕೊ ಬರುವುದು ಅದರಲ್ಲೇ. ಅಕ್ಕನ ಹೊಟ್ಟೆಯ ಗಡ್ಡೆಯೊಳಗೆ ಬಿಡಿ ಬಿಡಿಯಾಗಿ ಇದ್ದ ಅವಳಿಯ ಅಂಗಗಳನ್ನು ಜೋಡಿಸಿ ಅವನು ಒಂದು ಮಗುವಿನ ರೂಪ ಕೊಡುತ್ತಾನೆ. ಅವಳ ಪ್ರಕಾರ ಅವಳಿಗೆ ಹದಿನೆಂಟು ವರ್ಷ, ನೋಡಿದರೆ ಪುಟ್ಟ ಮಗು. ಆ ಹಟಮಾರಿ ಮಾತನ್ನು ಅನುವಾದಕಿ ಕಮೆಲಿಯಾ ನೀ ಚೆನ್ನಾಗಿ ಹಿಡಿದಿದ್ದಾರೆ. ಒಟ್ಟು 17 ಸಂಪುಟ, 2008ರಿಂದ 2011ರವರೆಗೆ ಬಂದವು. 90ರ ದಶಕದಲ್ಲಿ ವಿಜ್ ಎರಡೇ ಸಂಪುಟ ತಂದು ನಿಲ್ಲಿಸಿತ್ತು, ಅದನ್ನು ಹುಡುಕುವ ಅಗತ್ಯ ಇಲ್ಲ. ವರ್ಟಿಕಲ್‌ನ ಮೊದಲ ಮೂರು ಸಂಪುಟಕ್ಕೆ ಗಟ್ಟಿ ರಟ್ಟಿನ ಸೀಮಿತ ಆವೃತ್ತಿಯೂ ಇತ್ತು. ಅದರಲ್ಲಿ ಒಂದೊಂದು ಹೆಚ್ಚಿನ ಕಥೆ ಇದೆ. ಎಲ್ಲಾದರೂ ಕಣ್ಣಿಗೆ ಬಿದ್ದರೆ ಬಿಡಬೇಡಿ.

ನಡುಹಾದಿ

ನಾನು 'ಬುದ್ಧ'ದಿಂದ ಶುರು ಮಾಡಿದೆ. ಅದಕ್ಕೆ ಪ್ರಶಸ್ತಿ ಬಂದಿದೆ ಅಂತ ಎಲ್ಲರೂ ಹೊಗಳುತ್ತಿದ್ದರು. ಮೊದಲ ಸಂಪುಟ ಪೂರ್ತಿ ಓದಿದೆ, ಬುದ್ಧನೇ ಇಲ್ಲ! ಛಪ್ರ, ತತ್ತ ಅಂತ ಯಾರೋ ಹುಡುಗರು. ಒಬ್ಬ ಪ್ರಾಣಿಗಳ ಮೈಯೊಳಗೆ ಹೊಕ್ಕು ಓಡಾಡುತ್ತಾನೆ. ನಾವು ಕೇಳಿದ ಕಥೆಗೂ ಇದಕ್ಕೂ ಸಂಬಂಧವೇ ಇಲ್ಲ. ಮಧ್ಯೆ ಮಧ್ಯೆ ಇವತ್ತಿನ ಕಾಲದ ತಮಾಷೆ ಬೇರೆ. ಬುದ್ಧನ ಬಗ್ಗೆ ಗೌರವ ಇರುವವರಿಗೆ ಇದನ್ನು ಕೊಡಬಹುದಾ? ನಾನು ಎರಡನೇ ಸಂಪುಟದಲ್ಲಿ ನಿಲ್ಲಿಸಿದ್ದೇನೆ.

ಅಚ್ಚುಮೊಳೆ

ನಡುಹಾದಿ ಅವರೇ, ನಿಮ್ಮ ಆಕ್ಷೇಪ ಸರಿಯಾಗಿಯೇ ಇದೆ. ಆದರೆ ಮೂರನೆಯದನ್ನು ತೆಗೆಯಿರಿ ಅಂತ ನಾನು ಕೇಳಿಕೊಳ್ಳುತ್ತೇನೆ.

ಇದು ಜೀವನಚರಿತ್ರೆ ಅಲ್ಲ. 1972ರಲ್ಲಿ ಹುಡುಗರ ಪತ್ರಿಕೆಯೊಂದರಲ್ಲಿ ಶುರುವಾಗಿ 1983ರವರೆಗೆ ನಡೆದ ಕಥೆ. ತತ್ತ, ಛಪ್ರ ಇಬ್ಬರೂ ತೆಜುಕಾ ಕಟ್ಟಿದ ಪಾತ್ರಗಳು. ಯಾಕೆ ಕಟ್ಟಿದರು ಅಂತ ನೋಡಿ. ಛಪ್ರ ಗುಲಾಮ. ಕೋಸಲದ ಸೇನಾಪತಿಯ ಜೀವ ಉಳಿಸಿ ಅವನ ಸಾಕುಮಗ ಆಗುತ್ತಾನೆ, ಹುಟ್ಟು ಮುಚ್ಚಿಟ್ಟು ಮೇಲೇರುತ್ತಾನೆ. ತತ್ತ ಅವನಿಗಿಂತಲೂ ಕೆಳಗಿನವನು ಅಂತ ಜನ ದೂರ ಇಟ್ಟ ಹುಡುಗ. ಸಿದ್ಧಾರ್ಥ ಎಂಥ ಲೋಕಕ್ಕೆ ಬರುತ್ತಿದ್ದಾನೆ ಅಂತ ಒಂದಿಡೀ ಸಂಪುಟ ತೋರಿಸುತ್ತೆ. ಅರಮನೆಯಿಂದ ಶುರು ಮಾಡಿದ್ದರೆ ಆ ನೋವಿನ ತೂಕ ನಮಗೆ ಗೊತ್ತಾಗುತ್ತಿರಲಿಲ್ಲ. ನನಗಂತೂ ಇದು ಪುಸ್ತಕದ ಅತಿ ದೊಡ್ಡ ತೀರ್ಮಾನ ಅನಿಸುತ್ತೆ.

ಮೊದಲ ಪುಟಗಳನ್ನು ಇನ್ನೊಂದು ಸಲ ತೆಗೆದು ನೋಡಿ. ಹಸಿದ ಮುದುಕನಿಗೆ ಪ್ರಾಣಿಗಳು ಏನೇನೋ ತಂದುಕೊಡುತ್ತವೆ. ಮೊಲಕ್ಕೆ ಏನೂ ಸಿಗುವುದಿಲ್ಲ. ಬೆಂಕಿ ಹಚ್ಚಿಸಿ ತಾನೇ ಅದರೊಳಗೆ ಹಾರುತ್ತೆ. ಜಾತಕ ಕಥೆ, ನಮಗೆ ಹೊಸದಲ್ಲ. ಆದರೆ ತೆಜುಕಾ ಅದನ್ನು ಹೆಚ್ಚು ಮಾತಿಲ್ಲದೆ ಹೇಳುತ್ತಾರೆ, ಚೌಕಟ್ಟಿನಿಂದ ಚೌಕಟ್ಟಿಗೆ. ಅನುವಾದಕರಿಗೆ ಅಲ್ಲಿ ಮಾಡಲು ಏನೂ ಇಲ್ಲ. ಪುಟ ಕಟ್ಟುವವಳಾಗಿ ಹೇಳುತ್ತೇನೆ, ಬರಹ ಇಲ್ಲದೆ ಓದುಗರ ಕಣ್ಣನ್ನು ಅಷ್ಟು ದೂರ ಕರೆದುಕೊಂಡು ಹೋಗುವುದು ಬಹಳ ಕಷ್ಟ.

ತಮಾಷೆಯ ವಿಷಯ. ಗಂಭೀರ ಸನ್ನಿವೇಶದ ನಡುವೆ ದಿಢೀರಂತ ನಗಿಸುವುದು ಅವರ ಹಳೇ ಅಭ್ಯಾಸ. ಕೆಲವು ಕಡೆ ನನಗೂ ಅದು ಕಿರಿಕಿರಿ. ಅಷ್ಟಕ್ಕೇ ಪುಸ್ತಕ ಮುಚ್ಚುವಂಥದ್ದಲ್ಲ. ನೀವು ಹೇಳಿದ ಪ್ರಶಸ್ತಿ ಐಸ್ನರ್, ಅಮೆರಿಕದ ಕಾಮಿಕ್ಸ್ ಪ್ರಶಸ್ತಿ, 2004 ಮತ್ತು 2005 ಎರಡೂ ವರ್ಷ ಬಂತು. ಎಂಟು ಸಂಪುಟಗಳ ಹೊದಿಕೆ ಚಿಪ್ ಕಿಡ್ ವಿನ್ಯಾಸ ಮಾಡಿದ್ದು. ಅಮೆರಿಕದ ಪುಸ್ತಕದಂಗಡಿಗಳಲ್ಲಿ ಕಾಮಿಕ್ಸ್ ಕಪಾಟಿನ ಕಡೆ ತಲೆ ಹಾಕದವರೂ ಕೈಗೆತ್ತಿಕೊಳ್ಳಲಿ ಅನ್ನುವಂತೆ ಆ ಪುಸ್ತಕವನ್ನು ರೂಪಿಸಿದ್ದರು. ಆಮೇಲೆ ದಪ್ಪ ಪುಸ್ತಕಗಳನ್ನೆಲ್ಲ ಧೈರ್ಯವಾಗಿ ತರಲು ಇದರ ಯಶಸ್ಸೂ ಒಂದು ಕಾರಣ ಅಂತ ನನ್ನ ನಂಬಿಕೆ.

ಗೌರವ ಇರುವವರಿಗೆ ಕೊಡಬಹುದಾ ಅಂದಿರಿ. ಇದು ಧರ್ಮಗ್ರಂಥ ಅಲ್ಲ, ತೆಜುಕಾ ಕಂಡ ಬುದ್ಧ ಅಂತ ಒಂದು ಮಾತು ಹೇಳಿ ಕೊಡಿ. ಸಾಕು.

ಹೊಸಪುಟ

ಎಲ್ಲರಿಗೂ ತುಂಬಾ ಥ್ಯಾಂಕ್ಸ್! 'ಆಸ್ಟ್ರೋ ಬಾಯ್' ಮೂರನೇ ಸಂಪುಟ ಓದಿದೆ. ಊರಾನ್ ಪುಟಗಳನ್ನು ಮತ್ತೆ ಮತ್ತೆ ತಿರುವಿ ನೋಡಿದೆ. ಈಗ ಗೊತ್ತಾಗುತ್ತಿದೆ.

ಇನ್ನು ಎರಡು ಪ್ರಶ್ನೆ. ನನ್ನ ತಂಗಿಗೆ ಹನ್ನೆರಡು ವರ್ಷ. ನಾನು ಓದುವುದನ್ನೆಲ್ಲ ಅವಳೂ ಓದುತ್ತಾಳೆ. ಯಾವುದನ್ನು ಕೊಡಬಹುದು, ಯಾವುದನ್ನು ಕೊಡಬಾರದು? 'ಆಸ್ಟ್ರೋ ಬಾಯ್' ಮುಂದೆ ಓದುಗರಿಗೆ ಒಂದು ಸೂಚನೆ ಇದೆ, ಕೆಲವು ಜನಾಂಗದವರ ಚಿತ್ರಣದ ಬಗ್ಗೆ. ಅದನ್ನು ಅವಳಿಗೆ ಹೇಗೆ ಹೇಳಲಿ? ಎರಡನೆಯದು, ಒಂದು ಪುಸ್ತಕದ ಪಾತ್ರ ಇನ್ನೊಂದರಲ್ಲಿ ಬೇರೆ ಹೆಸರಲ್ಲಿ ಬಂದ ಹಾಗೆ ಕಾಣುತ್ತೆ. ನನ್ನ ಭ್ರಮೆಯಾ?

ಅಚ್ಚುಮೊಳೆ

ಭ್ರಮೆ ಅಲ್ಲ. ಇದು ಕೇಳಿದ್ದೇ ಖುಷಿಯಾಯಿತು. ಸಿನಿಮಾದಲ್ಲಿ ಒಬ್ಬ ನಟ ಬೇರೆ ಬೇರೆ ಪಾತ್ರ ಮಾಡುತ್ತಾನಲ್ಲ, ತೆಜುಕಾ ತಮ್ಮ ಪಾತ್ರಗಳನ್ನು ಹಾಗೇ ಬಳಸುತ್ತಾರೆ. ಇದಕ್ಕೆ ಸ್ಟಾರ್ ಸಿಸ್ಟಮ್ ಅಂತಲೇ ಹೆಸರು. ದಪ್ಪ ಮೀಸೆಯ ಮೇಷ್ಟ್ರು ಒಂದು ಕಡೆ ಪತ್ತೇದಾರ, ಇನ್ನೊಂದು ಕಡೆ ರೋಗಿ. ರಾಕ್ ಅನ್ನುವವನನ್ನು ನೋಡಿ. 1951ರ 'ನೆಕ್ಸ್ಟ್‌ವರ್ಲ್ಡ್'ನಲ್ಲಿ ಅವನು ಒಳ್ಳೆಯ ಹುಡುಗ. 'ಫೀನಿಕ್ಸ್' ಎರಡನೇ ಸಂಪುಟಕ್ಕೆ ಬಂದರೆ ಮಸಾತೊ ಬೆನ್ನು ಹತ್ತಿದ ಕಟುಕ ಅಧಿಕಾರಿ. ಜಪಾನಿನ ಓದುಗರು ಅವನನ್ನು ಹುಡುಗನಾಗಿ ನೋಡಿ ಬೆಳೆದವರು, ಅವರಿಗೆ ಆ ಬದಲಾವಣೆ ಎದೆಗೆ ತಟ್ಟಿರುತ್ತೆ. ಇಂಗ್ಲಿಷಿನಲ್ಲಿ 'ನೆಕ್ಸ್ಟ್‌ವರ್ಲ್ಡ್' ಬಂದದ್ದು 2003ರಲ್ಲಿ, ಅದೂ ಬೇರೆ ಪ್ರಕಾಶಕರಿಂದ. ನಮಗೆ ಯಾರೂ ಇದನ್ನು ಜೋಡಿಸಿ ಕೊಡಲಿಲ್ಲ. ವರ್ಷ ನೋಡಿ ಓದಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ತೇಪೆ ಹಾಕಿದ ಸೋರೆಕಾಯಿಯಂಥ, ಹಂದಿ ಮೂಗಿನ ಒಂದು ವಿಚಿತ್ರ ಜೀವಿ ಎಲ್ಲೆಂದರಲ್ಲಿ ಬಂದು ಬೀಳುತ್ತಲ್ಲ, ಅದರ ಹೆಸರು ಹ್ಯೋತಾನ್‌ತ್ಸುಗಿ. ಅದನ್ನು ಮೊದಲು ಬರೆದದ್ದು ತೆಜುಕಾ ಅವರ ತಂಗಿ. ನಿಮ್ಮ ತಂಗಿಗೆ ಇದನ್ನು ಹೇಳಿ, ಪುಟ ಪುಟದಲ್ಲೂ ಹುಡುಕುತ್ತಾಳೆ.

ಅವಳಿಗೆ 'ಆಸ್ಟ್ರೋ ಬಾಯ್', 'ಪ್ರಿನ್ಸೆಸ್ ನೈಟ್', 'ಯೂನಿಕೊ' ಕೊಡಿ. 'ಪ್ರಿನ್ಸೆಸ್ ನೈಟ್' ವರ್ಟಿಕಲ್‌ನದು, ಎರಡು ಸಂಪುಟ, 2011. ರಾಜ್ಯ ಉಳಿಸಲು ಗಂಡುವೇಷದಲ್ಲಿ ಬೆಳೆಯುವ ಸಫೈರ್ ರಾಜಕುಮಾರಿಯ ಕಥೆ. ತೆಜುಕಾ ಬೆಳೆದ ತಕರಾಜುಕಾದಲ್ಲಿ ಹೆಣ್ಣುಮಕ್ಕಳೇ ಎಲ್ಲ ಪಾತ್ರ ಮಾಡುವ ನಾಟಕ ಕಂಪನಿ ಇದೆ. ಆ ರಂಗದ ವೇಷ, ಮೆಟ್ಟಿಲು, ಬೆಳಕು ಎಲ್ಲ ಇದರ ಪುಟಗಳಿಗೆ ಇಳಿದಿದೆ. 'ಯೂನಿಕೊ' ಪುಟ್ಟ ಒಂಟಿಕೊಂಬಿನ ಕುದುರೆಮರಿ, ಪೂರ್ತಿ ಬಣ್ಣದ್ದು. ಓದುಗರಿಂದ ಹಣ ಕೂಡಿಸಿ ಡಿಜಿಟಲ್ ಮಾಂಗಾ ಅದನ್ನು ಇಂಗ್ಲಿಷಿಗೆ ತಂದಿತು. ಇದನ್ನು ತೆಜುಕಾ ಮೂಲದಲ್ಲೇ ಎಡದಿಂದ ಬಲಕ್ಕೆ ಓದುವಂತೆ ಬರೆದಿದ್ದರು, ಹಾಗಾಗಿ ತಿರುಗಿಸುವ ತಂಟೆಯೇ ಇಲ್ಲ. ಪುಟಗಳು ಅವರ ಕೈಯಿಂದ ಬಂದ ಹಾಗೇ ಇವೆ.

'ದೊರೊರೊ' ಇನ್ನೆರಡು ವರ್ಷ ಬಿಟ್ಟು. ಅಪ್ಪ ರಾಕ್ಷಸರಿಗೆ ಮಾತು ಕೊಟ್ಟದ್ದಕ್ಕೆ ಮೈಯ 48 ಭಾಗ ಕಳೆದುಕೊಂಡು ಹುಟ್ಟಿದವನ ಕಥೆ, ಭಯ ಜಾಸ್ತಿ. 'ಎಂ ಡಬ್ಲ್ಯೂ', 'ಆಯಾಕೊ', 'ಕಿರಿಹಿತೊ', 'ಅಪೊಲೋಸ್ ಸಾಂಗ್' ಅವಳ ಕೈಗೆ ಸಿಗದ ಕಡೆ ಇಡಿ. ಅತ್ಯಾಚಾರ, ಹಿಂಸೆ ಎಲ್ಲ ನೇರವಾಗಿ ಇದೆ. 'ಆಯಾಕೊ'ದಲ್ಲಿ ಮನೆಯವರೇ ಒಂದು ಪುಟ್ಟ ಹುಡುಗಿಯನ್ನು ನೆಲಮಾಳಿಗೆಯಲ್ಲಿ ಕೂಡಿಹಾಕುತ್ತಾರೆ, ವರ್ಷಗಟ್ಟಲೆ. ನಾನೇ ಅದನ್ನು ಒಂದೇ ಗುಕ್ಕಿಗೆ ಓದಲಾರೆ.

ಆ ಸೂಚನೆಯ ಬಗ್ಗೆ. ಆಫ್ರಿಕಾದವರನ್ನು, ಆಗ್ನೇಯ ಏಷ್ಯಾದವರನ್ನು ಕೆಲವು ಕಡೆ ಅವಮಾನ ಆಗುವಂತೆ ಬರೆದಿದ್ದಾರೆ, ಅದು ಸತ್ಯ. ತೆಗೆದುಹಾಕದೆ ಸೂಚನೆ ಹಾಕಿ ಅಚ್ಚು ಮಾಡಿದ್ದು ಸರಿ ಅಂತ ನನ್ನ ಅಭಿಪ್ರಾಯ. ತಂಗಿಗೆ ನೇರವಾಗಿ ಹೇಳಿ: ಈ ಚಿತ್ರ ತಪ್ಪು, ಆ ಕಾಲದ ಅಮೆರಿಕದ ಕಾಮಿಕ್ಸ್, ಕಾರ್ಟೂನ್ ನೋಡಿ ಕಲಿತ ತಪ್ಪು. ರೋಬೋಗಳಿಗೂ ಹಕ್ಕು ಬೇಕು ಅಂತ ಕಥೆ ಬರೆದವರೇ ಇದನ್ನೂ ಬರೆದರು. ಹನ್ನೆರಡು ವರ್ಷದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ಅವಳೇ ನಿಮಗೆ ಎರಡು ಪ್ರಶ್ನೆ ಕೇಳಿದರೂ ಆಶ್ಚರ್ಯ ಇಲ್ಲ.

ತೆಜುಕಾ ಅವರ ಬದುಕಿನ ಬಗ್ಗೆ ಓದಬೇಕು ಅನಿಸಿದರೆ ಅವರ ಸಹಾಯಕರಾಗಿದ್ದ ಬಾನ್ ತೊಶಿಯೊ ಬರೆದ ಜೀವನಚರಿತ್ರೆ ಇದೆ. ಅದೂ ಮಾಂಗಾ ರೂಪದಲ್ಲೇ, 900ಕ್ಕೂ ಹೆಚ್ಚು ಪುಟ. 2016ರಲ್ಲಿ ಇಂಗ್ಲಿಷಿಗೆ ತಂದವರು ಷೋಟ್. ಅವರು ಅಮೆರಿಕದಲ್ಲಿ ತೆಜುಕಾ ಜೊತೆ ದುಭಾಷಿಯಾಗಿ ಓಡಾಡಿದವರು.

'ಫೀನಿಕ್ಸ್'ನ ವಿಜ್ ಸಂಪುಟಗಳು ಬಹಳ ವರ್ಷ ಅಚ್ಚಿನಲ್ಲಿ ಇರಲಿಲ್ಲ. ಬಿಡಿ ಸಂಪುಟಗಳಿಗೆ ಜನ ಬಾಯಿಗೆ ಬಂದ ಬೆಲೆ ಹೇಳುತ್ತಾರೆ. ಆ ಬೆಲೆಗೆ ಕೊಳ್ಳಲು ಹೋಗಬೇಡಿ. ಮೊದಲು ಗ್ರಂಥಾಲಯದಲ್ಲಿ ಕೇಳಿ, ಯಾರ ಬಳಿಯಾದರೂ ಇದೆಯಾ ವಿಚಾರಿಸಿ. ಎಲ್ಲ ಹನ್ನೆರಡೂ ಸಿಗಲೇಬೇಕು ಅಂತಿಲ್ಲ. ಒಂದೊಂದೂ ತನ್ನಷ್ಟಕ್ಕೆ ತಾನೇ ನಿಲ್ಲುತ್ತೆ, ಎರಡು ಭಾಗದಲ್ಲಿ ಬಂದ 'ಸಿವಿಲ್ ವಾರ್' ಮತ್ತು 'ಸನ್' ಮಾತ್ರ ಜೊತೆಯಾಗಿ ಬೇಕು. ಒಂದೇ ಒಂದು ಸಿಗುತ್ತೆ ಅಂದರೆ 'ಕರ್ಮ' ಕೇಳಿ. ಓದಿದ ಮೇಲೆ ಇಲ್ಲಿ ಬಂದು ಹೇಳಿ. ಗಾಓ ಮತ್ತು ಅಕಾನೆಮಾರು ಇಬ್ಬರೂ ಛಾವಣಿಯ ರಾಕ್ಷಸಮುಖದ ಹೆಂಚು ಮಾಡುವ ಪಂದ್ಯ ಇದೆಯಲ್ಲ, ಗೆಲ್ಲಬೇಕಾದವನು ಯಾರು ಅನ್ನುವುದರಲ್ಲಿ ನನಗೂ ನನ್ನ ಗೆಳತಿಗೂ ಇನ್ನೂ ಜಗಳ ನಡೆದಿದೆ. ನಿಮ್ಮ ಅಭಿಪ್ರಾಯ ಬೇಕು.